ಗಾಳಿ ಒಂದು ರಾತ್ರಿ, ಕತ್ತಲೆ ಒಂದು ವಾರ

ಆಗಸ್ಟ್ ಅರ್ಧ ಕಳೆಯಿತು ಅಂದರೆ ಕೆನಡಾದ ಹ್ಯಾಲಿಫ್ಯಾಕ್ಸ್‌ನಲ್ಲಿ ನನ್ನಂಥ ಎಲೆಕ್ಟ್ರಿಷಿಯನ್‌ಗಳ ಫೋನಿಗೆ ಬಿಡುವಿರುವುದಿಲ್ಲ. ಎಲ್ಲೋ ದೂರದಲ್ಲಿ, ಬರ್ಮುಡಾದ ಕೆಳಗೆ, ಒಂದು ಚಂಡಮಾರುತ ಎದ್ದಿರುತ್ತದೆ. ಅದು ನಮ್ಮ ಕಡೆ ಬರುತ್ತದೋ, ಸಮುದ್ರದಲ್ಲೇ ಕರಗಿ ಹೋಗುತ್ತದೋ ಯಾರಿಗೂ ಖಚಿತವಿಲ್ಲ. ಆದರೂ ಜನ ಕೇಳುವ ಪ್ರಶ್ನೆ ಒಂದೇ: "ಜನರೇಟರ್ ತಗೊಂಡುಬಿಡಲಾ?" ಈಚೆಗೆ ಈ ಪ್ರಶ್ನೆ ಕನ್ನಡದಲ್ಲೂ ಬರುತ್ತಿದೆ. ಓದಲು, ಕೆಲಸಕ್ಕೆ ಅಂತ ಇಲ್ಲಿನ ನೋವಾ ಸ್ಕೋಷಿಯಾ ಪ್ರಾಂತ್ಯಕ್ಕೆ ಬಂದು ನೆಲೆಸಿದ ನಮ್ಮವರು ಈಗ ಜಾಸ್ತಿ. ಅವರಲ್ಲಿ ಎಷ್ಟೋ ಜನಕ್ಕೆ ಕೆನಡಾ ಎಂದರೆ ಹಿಮ ಮಾತ್ರ. ಇಷ್ಟು ಉತ್ತರಕ್ಕೂ ಹರಿಕೇನ್, ಅಂದರೆ ಅಟ್ಲಾಂಟಿಕ್‌ನ ಬಲವಾದ ಚಂಡಮಾರುತ, ಬರುತ್ತದೆ ಎಂದರೆ ನಂಬುವುದಿಲ್ಲ.

ಬರುತ್ತದೆ. 2003ರ ಸೆಪ್ಟೆಂಬರ್ 29ರ ಮಧ್ಯರಾತ್ರಿ ಕಳೆದ ಮೇಲೆ ಹುವಾನ್ ಎಂಬ ಚಂಡಮಾರುತ ಬಂತು. ಹ್ಯಾಲಿಫ್ಯಾಕ್ಸ್ ಪಕ್ಕದ ಪ್ರಾಸ್ಪೆಕ್ಟ್ ಬಳಿ, ಎರಡನೇ ದರ್ಜೆಯ (ದರ್ಜೆಗಳು ಒಂದರಿಂದ ಐದು, ಐದು ಅತಿ ಬಲವಾದದ್ದು) ಹರಿಕೇನ್ ಆಗಿಯೇ ದಡ ಹತ್ತಿತು. 2019ರ ಸೆಪ್ಟೆಂಬರ್ 7ರಂದು ಡೋರಿಯನ್ ಬಂದು ಊರ ನಡುವೆ ನಿಂತಿದ್ದ ದೊಡ್ಡ ಕ್ರೇನ್ ಒಂದನ್ನು ಮಡಚಿ ಕಟ್ಟಡದ ಮೇಲೆ ಕೆಡವಿತು. 2022ರ ಸೆಪ್ಟೆಂಬರ್ 24ರ ಬೆಳಗಿನ ಜಾವ ಫಿಯೋನಾ ಬಂತು. ಆಗ ಈ ಪ್ರಾಂತ್ಯದಲ್ಲೇ ನಾಲ್ಕು ಲಕ್ಷಕ್ಕೂ ಹೆಚ್ಚು ಗ್ರಾಹಕರಿಗೆ ಕರೆಂಟ್ ಹೋಯಿತು. ಹತ್ತು ದಿನ ದಾಟಿದರೂ ಬೆಳಕು ಕಾಣದ ಮನೆಗಳಿದ್ದವು.

ಹುವಾನ್‌ನ ಸಾವುಗಳ ಲೆಕ್ಕವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಸತ್ತವರು ಎಂಟು ಜನ. ಮರ ಬಿದ್ದು ಸತ್ತವರು ಇಬ್ಬರು, ಸಮುದ್ರದಲ್ಲಿ ಸಿಕ್ಕಿದ ಮೀನುಗಾರರು ಇಬ್ಬರು. ಮೂವರು ಒಂದೇ ಮನೆಯ ಬೆಂಕಿಯಲ್ಲಿ ಹೋದರು. ಕರೆಂಟ್ ಇಲ್ಲ ಅಂತ ಹಚ್ಚಿಟ್ಟ ಮೇಣದಬತ್ತಿಯಿಂದ ಆ ಬೆಂಕಿ ಹತ್ತಿತು ಎನ್ನಲಾಗಿದೆ. ಇನ್ನೊಬ್ಬರ ಸಾವು ಪರಿಹಾರದ ಕೆಲಸದ ವೇಳೆ ಆದದ್ದು. ಅಂದರೆ ಅರ್ಧದಷ್ಟು ಸಾವು ಗಾಳಿಯ ಏಟಿನಿಂದ ಆದದ್ದಲ್ಲ. ಇಲ್ಲಿ ತಯಾರಿ ಬೇಕಿರುವುದು ಆ ಒಂದು ರಾತ್ರಿಗಿಂತ ಹೆಚ್ಚಾಗಿ ಅದರ ನಂತರದ ವಾರಕ್ಕೆ ಎಂದು ನಾನು ಹಟ ಹಿಡಿದು ಹೇಳುವುದು ಇದಕ್ಕೇ. ದಯವಿಟ್ಟು ಮೇಣದಬತ್ತಿಯ ಬದಲು ತಲೆಗೆ ಕಟ್ಟುವ ಎಲ್‌ಇಡಿ ಟಾರ್ಚ್ ತಗೊಳ್ಳಿ, ಮನೆಯಲ್ಲಿ ಎಷ್ಟು ಜನರೋ ಅಷ್ಟು.

ಉತ್ತರಕ್ಕೆ ಬಂದ ಚಂಡಮಾರುತದ ಸ್ವಭಾವವೇ ಬೇರೆ. ಅದು ಬಲ ಪಡೆಯುವುದು ಸುಮಾರು 26 ಡಿಗ್ರಿಗಿಂತ ಬೆಚ್ಚಗಿನ ನೀರಿನಿಂದ. ನಮ್ಮ ಕರಾವಳಿಯ ನೀರು ಸೆಪ್ಟೆಂಬರ್‌ನಲ್ಲೂ ಅಷ್ಟು ಕಾಯುವುದಿಲ್ಲ. ಹಾಗಾಗಿ ದರ್ಜೆ ಇಳಿಯುತ್ತಾ ಬರುತ್ತದೆ. ಟಿವಿಯಲ್ಲಿ "ಇದು ಈಗ ಹರಿಕೇನ್ ಅಲ್ಲ" ಎಂದೊಡನೆ ಜನ ನಿರಾಳವಾಗಿಬಿಡುತ್ತಾರೆ. ಆದರೆ ಅಷ್ಟರಲ್ಲಿ ಆಕಾಶದಲ್ಲಿ ಬಹಳ ಎತ್ತರದಲ್ಲಿ ರಭಸವಾಗಿ ಬೀಸುವ ಜೆಟ್ ಗಾಳಿ ಅದನ್ನು ಹಿಡಿದು ಎಳೆಯುತ್ತಿರುತ್ತದೆ. ಕೆರಿಬಿಯನ್‌ನಲ್ಲಿ ಗಂಟೆಗೆ 20 ಕಿ.ಮೀ. ತೆವಳುತ್ತಿದ್ದದ್ದು ಇಲ್ಲಿ 50, 60 ಕಿ.ಮೀ. ವೇಗದಲ್ಲಿ ಓಡುತ್ತದೆ. ಗಾಳಿಯ ಹರವು ಕುಗ್ಗುವ ಬದಲು ನೂರಾರು ಕಿಲೋಮೀಟರ್ ಹಿಗ್ಗುತ್ತದೆ. ಸಾಮಾನ್ಯವಾಗಿ ಅದು ಸಾಗುವ ದಾರಿಯ ಬಲಗಡೆ ಗಾಳಿ ಮತ್ತು ಅಲೆಯ ಹೊಡೆತ ಜೋರು, ಎಡಗಡೆ ಮಳೆ ಜೋರು. ಫಿಯೋನಾ ದಡ ಹತ್ತುವ ಹೊತ್ತಿಗೆ ಹರಿಕೇನ್ ಎಂಬ ಪಟ್ಟ ಕಳೆದುಕೊಂಡಿತ್ತು. ಆದರೂ ನ್ಯೂಫೌಂಡ್‌ಲ್ಯಾಂಡ್‌ನ ಪೋರ್ಟ್ ಓ ಬಾಸ್ಕ್‌ನಲ್ಲಿ ಸಮುದ್ರ ಏರಿ ಬಂದು ನೂರರ ಹತ್ತಿರ ಮನೆಗಳು ಹಾಳಾದವು, ಒಬ್ಬ ಮಹಿಳೆ ಅಲೆಗಳ ಪಾಲಾದರು. ನಕ್ಷೆಯಲ್ಲಿ ಬಿಳಿ ಶಂಕುವಿನಂತೆ ತೋರಿಸುತ್ತಾರಲ್ಲ, ಅದು ಚಂಡಮಾರುತದ ಕೇಂದ್ರ ಎಲ್ಲಿ ಹೋಗಬಹುದು ಎಂಬುದಷ್ಟೇ. ನಿಮ್ಮ ಮನೆ ಅದರ ಹೊರಗಿದೆ ಅಂತ ಸುಮ್ನೆ ಕೂರಬೇಡಿ. ಡಾರ್ಟ್‌ಮತ್‌ನಲ್ಲಿರುವ ಕೆನಡಿಯನ್ ಹರಿಕೇನ್ ಸೆಂಟರ್ ಹೊರಡಿಸುವ ಗಾಳಿ, ಮಳೆಯ ಎಚ್ಚರಿಕೆಯನ್ನು ನಿಮ್ಮ ಊರಿನ ಹೆಸರು ನೋಡಿ ಓದಿ.

ಇನ್ನು ಕರೆಂಟ್ ಯಾಕೆ ಇಷ್ಟು ಸುಲಭವಾಗಿ ಹೋಗುತ್ತದೆ? ಮರಗಳಿಂದ. ಸೆಪ್ಟೆಂಬರ್‌ನಲ್ಲಿ ಇಲ್ಲಿನ ಮೇಪಲ್, ಓಕ್ ಮರಗಳಲ್ಲಿ ಎಲೆ ಇನ್ನೂ ತುಂಬಿರುತ್ತದೆ, ಗಾಳಿಯನ್ನೆಲ್ಲ ಅವು ಹಿಡಿಯುತ್ತವೆ. ಸ್ಪ್ರೂಸ್ ಮರಕ್ಕೆ ಆಳದ ಬೇರಿಲ್ಲ. ಬಂಡೆಯ ಮೇಲೆ ತೆಳ್ಳಗೆ ಮಣ್ಣು, ಮಳೆಗೆ ಅದೂ ನೆನೆದು ಮೆತ್ತಗಾಗಿರುತ್ತದೆ. ಮರ ಬುಡಸಮೇತ ಮಗುಚಿಕೊಳ್ಳುತ್ತದೆ. ಹುವಾನ್ ಬಂದ ಒಂದೇ ರಾತ್ರಿಯಲ್ಲಿ ಹ್ಯಾಲಿಫ್ಯಾಕ್ಸ್‌ನ ಪಾಯಿಂಟ್ ಪ್ಲೆಸೆಂಟ್ ಪಾರ್ಕಿನ ಹೆಚ್ಚೂಕಡಿಮೆ ಮುಕ್ಕಾಲು ಪಾಲು ಮರ ನೆಲಕ್ಕೆ ಬಿದ್ದವು. ಆದ್ದರಿಂದ ಮನೆ ಮೇಲೆ ವಾಲಿದ ಮರ, ಒಣಗಿದ ಕೊಂಬೆ ಇದ್ದರೆ ಜುಲೈನಲ್ಲೇ ಮರ ಕಡಿಯುವವರನ್ನು ಕರೆಸಿ. ಚಂಡಮಾರುತ ಮೂರು ದಿನ ದೂರವಿರುವಾಗ ಕರೆದರೆ ಯಾರೂ ಸಿಗುವುದಿಲ್ಲ. ತಂತಿಗೆ ತಾಗಿದ ಕೊಂಬೆಗೆ ಮಾತ್ರ ನೀವೂ ಕೈ ಹಾಕಬೇಡಿ, ಅವರಿಗೂ ಹೇಳಬೇಡಿ. ವಿದ್ಯುತ್ ಕಂಪನಿಗೆ ತಿಳಿಸಿ.

ಈಗ ಹೊರಗೆ ಹೋಗಿ ನಿಮ್ಮ ಮನೆಯ ಗೋಡೆ ನೋಡಿ. ಕಂಬದಿಂದ ಬರುವ ತಂತಿ ಒಂದು ಕೊಳವೆಗೆ ಬಂದು ಸೇರುತ್ತದೆ. ಕೊಳವೆಯ ತಲೆ ಕೊಡೆಯ ಹಿಡಿಯ ಹಾಗೆ ಬಾಗಿರುತ್ತದೆ. ಅಲ್ಲಿಂದ ಅದು ಕೆಳಗಿಳಿದು ಮೀಟರ್ ಪೆಟ್ಟಿಗೆಗೆ ಬರುತ್ತದೆ. ಇದನ್ನು ನಾವು ಮಾಸ್ಟ್ ಅನ್ನುತ್ತೇವೆ. ಮರ ತಂತಿಯ ಮೇಲೆ ಬಿದ್ದಾಗ ಎಷ್ಟೋ ಸಲ ತಂತಿ ಹರಿಯುವುದಕ್ಕಿಂತ ಮೊದಲು ಈ ಮಾಸ್ಟ್ ಗೋಡೆಯಿಂದ ಕಿತ್ತು ಬರುತ್ತದೆ, ಜೊತೆಗೆ ಮೀಟರ್ ಪೆಟ್ಟಿಗೆಯೂ. ಬಹಳ ಜನಕ್ಕೆ ಗೊತ್ತಿಲ್ಲದ ವಿಷಯ ಇದು: ತಂತಿ ಕಂಪನಿಯದು, ಆದರೆ ಮಾಸ್ಟ್ ಮತ್ತು ಮೀಟರ್ ಪೆಟ್ಟಿಗೆ ಮನೆಯವರದು. ಇಡೀ ಬೀದಿಗೆ ಕರೆಂಟ್ ಬಂದರೂ ಮಾಸ್ಟ್ ಮುರಿದ ಮನೆಗೆ ಕೊಡುವುದಿಲ್ಲ. ನೀವೇ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ ಸರಿ ಮಾಡಿಸಬೇಕು, ಆಮೇಲೆ ಕಂಪನಿಯವರು ಬಂದು ಜೋಡಿಸುತ್ತಾರೆ. ಫಿಯೋನಾ ಹೋದ ಮೇಲೆ ನಾನು ಕಂಡ ಅತಿ ಉದ್ದದ ಕತ್ತಲೆ ಇಂಥ ಮನೆಗಳದು. ಮಾಸ್ಟ್ ಗೋಡೆಗೆ ಬಿಗಿದ ಪಟ್ಟಿ ತುಕ್ಕು ಹಿಡಿದಿದೆಯಾ, ಬುಡದ ಹಲಗೆ ಕೊಳೆತಿದೆಯಾ, ದುರ್ಬೀನಿನಲ್ಲಿ ನೋಡಿದರೂ ಸಾಕು. ಏಣಿ ಹತ್ತಬೇಡಿ. ಮತ್ತೆ, ಒಬ್ಬ ಎಲೆಕ್ಟ್ರಿಷಿಯನ್‌ನ ನಂಬರನ್ನು ಕಾಗದದಲ್ಲಿ ಬರೆದು ಮೀಟರ್ ಬೋರ್ಡ್ ಹತ್ತಿರ ಅಂಟಿಸಿಡಿ. ಫೋನಿನಲ್ಲಿ ಮಾತ್ರ ಇದ್ದರೆ, ಫೋನ್ ಸತ್ತಾಗ ನಂಬರೂ ಹೋಯಿತು.

ಮೊದಲಿನ ಪ್ರಶ್ನೆಗೆ ಬರುತ್ತೇನೆ, ಜನರೇಟರ್. ಕರ್ನಾಟಕದಲ್ಲಿ ಕರೆಂಟ್ ಹೋದರೆ ಇನ್ವರ್ಟರ್ ತಾನಾಗಿಯೇ ಶುರುವಾಗುತ್ತದೆ. ಆ ರೂಢಿಯಲ್ಲಿ ಬಂದವರು ಪೆಟ್ರೋಲ್ ಜನರೇಟರನ್ನೂ ಅದೇ ಥರ ನೋಡುತ್ತಾರೆ. ಅದು ಒಂದು ಎಂಜಿನ್, ಹೊಗೆ ಬಿಡುತ್ತದೆ. ಆ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರ, ವಾಕರಿಕೆ, ಆಮೇಲೆ ನಿದ್ದೆ, ಆ ನಿದ್ದೆಯಿಂದ ಏಳುವುದಿಲ್ಲ. ಮಳೆಯಲ್ಲಿ ನೆನೆಯುತ್ತದೆ ಅಂತ ಗ್ಯಾರೇಜಿನೊಳಗೆ ಇಟ್ಟು, ಬಾಗಿಲು ಅರ್ಧ ತೆರೆದು, "ಗಾಳಿ ಆಡ್ತಾ ಇದೆಯಲ್ಲ" ಎಂದವರನ್ನು ನೋಡಿದ್ದೇನೆ. ಸಾಲದು. ಗ್ಯಾರೇಜ್, ಬೇಸ್‌ಮೆಂಟ್, ವರಾಂಡ ಯಾವುದೂ ಬೇಡ. ಕಿಟಕಿ, ಬಾಗಿಲುಗಳಿಂದ ಕನಿಷ್ಠ 6 ಮೀಟರ್ ದೂರ, ಹೊಗೆ ಕೊಳವೆ ಮನೆಯ ಕಡೆಗೆ ತಿರುಗದಂತೆ. ಬಾರ್ಬೆಕ್ಯೂ, ಇದ್ದಿಲಿನ ಒಲೆ, ಕ್ಯಾಂಪಿಂಗ್ ಸ್ಟೌವ್‌ಗಳಿಗೂ ಮನೆಯೊಳಗೆ ಜಾಗವಿಲ್ಲ. ಬ್ಯಾಟರಿಯಲ್ಲಿ ನಡೆಯುವ ಕಾರ್ಬನ್ ಮಾನಾಕ್ಸೈಡ್ ಅಲಾರಂ ಮಲಗುವ ಕೋಣೆಯ ಹತ್ತಿರ ಇರಲೇಬೇಕು.

ಇನ್ನೊಂದು ಅಪಾಯ ನನ್ನ ವೃತ್ತಿಯ ಜನರಿಗೆ ಆಗುವಂಥದ್ದು. ಎರಡೂ ತುದಿಗೆ ಗಂಡು ಪಿನ್ ಇರುವ ವೈರ್ ಮಾಡಿಕೊಂಡು, ಜನರೇಟರಿನಿಂದ ನೇರ ಗೋಡೆಯ ಸಾಕೆಟ್‌ಗೆ ಕರೆಂಟ್ ತುಂಬುವವರಿದ್ದಾರೆ. ಆ ಕರೆಂಟ್ ಮನೆಯಲ್ಲಿ ನಿಲ್ಲುವುದಿಲ್ಲ. ಮೀಟರ್ ದಾಟಿ ಕಂಬಕ್ಕೆ ಹೋಗುತ್ತದೆ, ಅಲ್ಲಿನ ಟ್ರಾನ್ಸ್‌ಫಾರ್ಮರ್ ಅದನ್ನು ಸಾವಿರಾರು ವೋಲ್ಟ್‌ಗೆ ಏರಿಸುತ್ತದೆ. ಲೈನ್ ಸತ್ತಿದೆ ಎಂದು ನಂಬಿ ಕೈ ಇಟ್ಟ ಲೈನ್‌ಮನ್ ಸಾಯುತ್ತಾನೆ. ಮನೆಯ ವೈರಿಂಗ್‌ಗೆ ಜನರೇಟರ್ ಜೋಡಿಸಲೇಬೇಕಿದ್ದರೆ ಕಂಪನಿಯ ಲೈನನ್ನು ಬೇರ್ಪಡಿಸಿ ಮನೆಯನ್ನು ಜನರೇಟರಿಗೆ ಬದಲಿಸುವ ಟ್ರಾನ್ಸ್‌ಫರ್ ಸ್ವಿಚ್ ಹಾಕಿಸಿ, ಪರ್ಮಿಟ್ ತೆಗೆಸಿ, ತಪಾಸಣೆ ಮಾಡಿಸಿ. ಅಷ್ಟು ಖರ್ಚು ಬೇಡ ಅಂದರೆ ದಪ್ಪ ಎಕ್ಸ್‌ಟೆನ್ಷನ್ ವೈರ್ ಎಳೆದು ಫ್ರಿಜ್ ಒಂದನ್ನು ನೇರ ಜನರೇಟರಿಗೆ ಚುಚ್ಚಿ. ಅದು ಧಾರಾಳವಾಗಿ ಸಾಕು.

ಕೊಳ್ಳುವ ಮೊದಲು ನಿಮ್ಮ ಮನೆಯಲ್ಲಿ ಬಾವಿ ಇದೆಯಾ ನೋಡಿಕೊಳ್ಳಿ. ನಗರದ ಹೊರಗೆ ಇಲ್ಲಿ ಮನೆ ಮನೆಗೂ ಸ್ವಂತ ಕೊಳವೆಬಾವಿ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ನಲ್ಲಿ ಒಣಗುತ್ತದೆ, ಟಾಯ್ಲೆಟ್ ಫ್ಲಶ್ ಆಗುವುದಿಲ್ಲ. ನಮ್ಮೂರಿನ ಹಾಗೆ ತಾರಸಿ ಮೇಲೆ ಓವರ್‌ಹೆಡ್ ಟ್ಯಾಂಕ್ ಇಲ್ಲಿಲ್ಲ. ಜನರೇಟರ್ ಇದ್ದರಾಯಿತು ಅನ್ನುತ್ತೀರಾ? ನಮ್ಮಲ್ಲಿ ಎಲ್ಲವೂ 230 ವೋಲ್ಟ್. ಇಲ್ಲಿ ದೀಪ, ಫ್ರಿಜ್ 120 ವೋಲ್ಟ್‌ನಲ್ಲಿ ನಡೆಯುತ್ತವೆ, ಆದರೆ ಬಾವಿಯ ಪಂಪ್ ಹೆಚ್ಚಾಗಿ 240 ವೋಲ್ಟ್‌ದು. ಅಗ್ಗದ ಸಣ್ಣ ಜನರೇಟರ್ 120 ಮಾತ್ರ ಕೊಡುತ್ತದೆ, ಪಂಪ್ ಅಲುಗುವುದೇ ಇಲ್ಲ. 240 ಕೊಡುವುದನ್ನು ತಂದರೂ, ಪಂಪ್ ಚಾಲೂ ಆಗುವ ಕ್ಷಣದಲ್ಲಿ ಮಾಮೂಲಿಗಿಂತ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ಅದನ್ನು ಲೆಕ್ಕ ಹಾಕದೆ ತಂದ ಜನರೇಟರ್ ಗುಂಯ್‌ಗುಟ್ಟಿ ನಿಂತುಬಿಡುತ್ತದೆ. ಹೀಗಾಗಿ ಬಾವಿಯ ಮನೆಯವರಿಗೆ ನನ್ನ ಮೊದಲ ಸಲಹೆ ಬಾತ್‌ಟಬ್. ಗಾಳಿ ಬರುವ ಹಿಂದಿನ ದಿನ ತೊಳೆದು ತುಂಬಿಸಿ. ಟಾಯ್ಲೆಟ್‌ಗೆ ಒಂದು ಬಕೆಟ್ ಸುರಿದರೆ ಕೆಲಸ ಆಗುತ್ತದೆ, ನಮಗೆ ಇದನ್ನು ಯಾರೂ ಕಲಿಸಬೇಕಿಲ್ಲ ಅಲ್ವಾ. ಕುಡಿಯಲು ಒಬ್ಬರಿಗೆ ದಿನಕ್ಕೆ ಕನಿಷ್ಠ 2 ಲೀಟರ್, ಅಡುಗೆ, ತೊಳೆಯಲು ಇನ್ನೂ 2 ಲೀಟರ್ ಬೇರೆ ಇಡಿ. ಸರ್ಕಾರ 72 ಗಂಟೆಗೆ ತಯಾರಿರಿ ಎನ್ನುತ್ತದೆ. ಫಿಯೋನಾ ನೋಡಿದ ಮೇಲೆ ನಾನು ಒಂದು ವಾರ ಅನ್ನುತ್ತೇನೆ.

ಬೇಸ್‌ಮೆಂಟಿನಲ್ಲಿ ಬಾಡಿಗೆಗಿರುವ ವಿದ್ಯಾರ್ಥಿಗಳು ಸ್ವಲ್ಪ ಗಮನ ಕೊಡಿ. ನೆಲದ ಗುಂಡಿಯಲ್ಲಿ ಸಂಪ್ ಪಂಪ್ (ಒಳಗೆ ಜಿನುಗಿದ ನೀರನ್ನು ಹೊರಹಾಕುವ ಪಂಪ್) ಇದ್ದರೆ, ಮಳೆ ಜೋರಾಗಿ ಅದು ಅಗತ್ಯ ಬೀಳುವ ಹೊತ್ತಿಗೇ ಕರೆಂಟ್ ಹೋಗಿರುತ್ತದೆ. ಅದಕ್ಕೆ ಬ್ಯಾಟರಿ ಬ್ಯಾಕಪ್ ಇದೆಯಾ ಎಂದು ಮನೆಯೊಡೆಯರನ್ನು ಕೇಳಿ. ಪಾಸ್‌ಪೋರ್ಟ್, ಪರ್ಮಿಟ್, ಲ್ಯಾಪ್‌ಟಾಪ್, ಚಾರ್ಜರ್ ಎಲ್ಲ ನೆಲ ಬಿಟ್ಟು ಎತ್ತರದಲ್ಲಿಡಿ. ನೆಲದಲ್ಲಿ ನೀರು ನಿಂತಿದ್ದರೆ, ಅದು ಸಾಕೆಟ್ ಮಟ್ಟಕ್ಕೆ ಬಂದಿರಲಿ ಬಿಡಲಿ, ಇಳಿದು ಹೋಗಿ ಮೇನ್ ಸ್ವಿಚ್ ಮುಟ್ಟಬೇಡಿ. ಮನೆಯೊಡೆಯರ ವಿಮೆ ನಿಮ್ಮ ಸಾಮಾನಿಗೆ ಅನ್ವಯಿಸುವುದಿಲ್ಲ, ಬಾಡಿಗೆದಾರರ ವಿಮೆ ಬೇರೆಯೇ ಮಾಡಿಸಬೇಕು. ಸ್ವಂತ ಮನೆಯವರೂ ಪಾಲಿಸಿ ತೆಗೆದು ಓದಿ. ಚರಂಡಿ ನೀರು ಉಕ್ಕಿ ಒಳಬರುವುದಕ್ಕೆ ಒಂದು, ಹೊರಗಿನ ಪ್ರವಾಹಕ್ಕೆ ಇನ್ನೊಂದು ಅಂತ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕಾಗುತ್ತದೆ. ಸಮುದ್ರದ ನೀರು ಏರಿ ಬಂದರೆ ಸಾಮಾನ್ಯ ಪಾಲಿಸಿಗಳು ಕೊಡುವುದಿಲ್ಲ. ಚಂಡಮಾರುತಕ್ಕೆ ಹೆಸರಿಟ್ಟು, ಅದು ಈ ಕಡೆ ಹೊರಟ ಮೇಲೆ ಹೊಸದಾಗಿ ಸೇರಿಸಲು ಹೋದರೆ ಕಂಪನಿಗಳು ಒಪ್ಪುವುದು ಕಷ್ಟ.

ಊಟದ ವಿಷಯದಲ್ಲಿ ನಾವು ಅದೃಷ್ಟವಂತರು. ಒಲೆ ಹಚ್ಚದೆ ತಿನ್ನುವ ಪದಾರ್ಥ ನಮ್ಮ ಮನೆಗಳಲ್ಲಿ ಯಾವಾಗಲೂ ಇರುತ್ತದೆ. ತೆಳು ಅವಲಕ್ಕಿಗೆ ಚಟ್ನಿಪುಡಿ, ಎಣ್ಣೆ ಕಲಸಿದರೆ ಒಂದು ಹೊತ್ತು ಆಯಿತು. ರಾಗಿ ಹುರಿಹಿಟ್ಟಿಗೆ ಬೆಲ್ಲ, ನೀರು ಸಾಕು. ಇಲ್ಲಿನವರು ಚಂಡಮಾರುತ ಅಂದೊಡನೆ ಚಿಪ್ಸ್ ಕೊಳ್ಳಲು ಓಡುತ್ತಾರೆ, ಅದಕ್ಕೆ "ಸ್ಟಾರ್ಮ್ ಚಿಪ್ಸ್" ಎಂದೇ ಹೆಸರು. ಫ್ರಿಜ್ ಬಾಗಿಲು ತೆರೆಯದಿದ್ದರೆ ಸುಮಾರು 4 ಗಂಟೆ ತಣ್ಣಗಿರುತ್ತದೆ, ತುಂಬಿದ ಫ್ರೀಜರ್ ಸುಮಾರು 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ. ಜಾಗ ಖಾಲಿ ಇದ್ದರೆ ನೀರಿನ ಬಾಟಲಿಗಳನ್ನು ಮುಕ್ಕಾಲು ತುಂಬಿಸಿ ಇಡಿ, ಮಂಜುಗಡ್ಡೆಯಾದದ್ದು ಆಮೇಲೆ ಕುಡಿಯಲೂ ಬಂತು. ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಮೇಲೆ ನಾಣ್ಯ ಇಡಿ. ಕರೆಂಟ್ ಬಂದ ಮೇಲೆ ನಾಣ್ಯ ತಳ ಸೇರಿದ್ದರೆ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ, ಮಾಂಸ, ಮೀನು ಎಸೆದುಬಿಡಿ. ಇನ್ಸುಲಿನ್ ತಗೊಳ್ಳುವ ಹಿರಿಯರು ಮನೆಯಲ್ಲಿದ್ದರೆ, ಫ್ರಿಜ್ ಇಲ್ಲದೆ ಅದು ಎಷ್ಟು ದಿನ ಇರುತ್ತದೆ ಎಂದು ಫಾರ್ಮಸಿಯವರನ್ನು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಆಕ್ಸಿಜನ್ ಯಂತ್ರ, ಉಸಿರಾಟದ ಯಂತ್ರ ಇರುವ ಮನೆಯವರು ಮನೆಯಲ್ಲೇ ಉಳಿಯುವ ಯೋಚನೆ ಬಿಟ್ಟು, ಬ್ಯಾಕಪ್ ಇರುವ ಜಾಗವನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ಮೊಬೈಲ್ ಟವರ್‌ಗಳ ಬ್ಯಾಟರಿಯೂ ಕೆಲವು ಗಂಟೆಗಳದ್ದೇ. ಫಿಯೋನಾ ಹೊತ್ತಿನಲ್ಲಿ ಬಹಳ ಕಡೆ ಫೋನೇ ಸಿಗಲಿಲ್ಲ. ಬ್ಯಾಟರಿ ರೇಡಿಯೊ ಒಂದು ಇರಲಿ, ಇಲ್ಲದಿದ್ದರೆ ಕಾರಿನ ರೇಡಿಯೊ, ಕಾರು ಗ್ಯಾರೇಜಿನ ಹೊರಗಿದ್ದಾಗ ಮಾತ್ರ. ಊರಲ್ಲಿರುವ ಅಪ್ಪ, ಅಮ್ಮನಿಗೆ "ಎರಡು ದಿನ ಫೋನ್ ಬರದಿದ್ದರೆ ಗಾಬರಿಯಾಗಬೇಡಿ" ಎಂದು ಮುಂಚೆಯೇ ಹೇಳಿಬಿಡಿ.

ಗಾಳಿ ನಿಂತ ಕೂಡಲೇ ಲೈನ್‌ಮನ್‌ಗಳು ಯಾಕೆ ಬರಲಿಲ್ಲ ಅಂತ ಸಿಟ್ಟಾಗುವವರಿಗೆ ಒಂದು ಮಾತು. ಗಾಳಿ ಗಂಟೆಗೆ 80 ಕಿ.ಮೀ. ಮೀರಿದರೆ ಕೆಲಸಗಾರರನ್ನು ತಂತಿಯ ಎತ್ತರಕ್ಕೆ ಏರಿಸುವ ಬಕೆಟ್ ಟ್ರಕ್‌ನಲ್ಲಿ ಮೇಲೆ ಹೋಗುವಂತಿಲ್ಲ. ಅದು ಇಳಿದ ಮೇಲೆ ಮೊದಲು ದೊಡ್ಡ ಲೈನು, ಸಬ್‌ಸ್ಟೇಷನ್, ಆಸ್ಪತ್ರೆ, ಆಮೇಲೆ ಬೀದಿಗಳು, ಕೊನೆಗೆ ಒಂಟಿ ಮನೆಗಳು. ಅಲ್ಲಿಯವರೆಗೆ ನೆಲದಲ್ಲಿ ಬಿದ್ದ ಯಾವ ತಂತಿಯನ್ನೂ ಜೀವವಿದೆ ಎಂದೇ ತಿಳಿಯಿರಿ. ಕನಿಷ್ಠ 10 ಮೀಟರ್ ದೂರವಿರಿ, ಒದ್ದೆ ಬೇಲಿಯನ್ನೂ ಮುಟ್ಟಬೇಡಿ, ತುರ್ತು ಸಂಖ್ಯೆ 911ಕ್ಕೆ ಹೇಳಿ. ಮನೆಯ ಒಲೆ, ಹೀಟರ್, ಇಸ್ತ್ರಿಪೆಟ್ಟಿಗೆ ಆರಿಸಿ ಇಡಿ, ಒಂದೇ ಒಂದು ದೀಪದ ಸ್ವಿಚ್ ಮಾತ್ರ ಆನ್ ಇರಲಿ. ಕರೆಂಟ್ ಬಂದದ್ದು ಅದರಿಂದಲೇ ಗೊತ್ತಾಗುತ್ತದೆ. ಬಂದ ಮೇಲೆ ಕಾಲು ಗಂಟೆ ಬಿಟ್ಟು ಉಳಿದವನ್ನು ಒಂದೊಂದಾಗಿ ಹಾಕಿ. ದೀಪ ಸಿಕ್ಕಾಪಟ್ಟೆ ಪ್ರಖರವಾಗಿ ಉರಿದರೆ ಅಥವಾ ಮಂಕಾಗಿ ಮಿಣುಕಿದರೆ ನ್ಯೂಟ್ರಲ್ ತಂತಿ ಕಿತ್ತಿರಬಹುದು. ಆಗ ಒಣ ನೆಲದ ಮೇಲೆ ನಿಂತು ಮೇನ್ ಆರಿಸಿ, ಬೋರ್ಡ್ ಹತ್ತಿರ ಅಂಟಿಸಿದ ಆ ನಂಬರಿಗೆ ಫೋನ್ ಮಾಡಿ.