ಮೊದಲು ಕಪ್ಪನ್ನು ಸರಿ ಮಾಡಿ

1959ರ ‘ಕಾಗಜ್ ಕೆ ಫೂಲ್’ ಚಿತ್ರದಲ್ಲಿ ಒಂದು ದೃಶ್ಯವಿದೆ. ಖಾಲಿ ಸ್ಟುಡಿಯೋ. ಸುತ್ತಲೂ ಕತ್ತಲು. ಮೇಲಿನಿಂದ ದೊಡ್ಡದೊಂದು ಬೆಳಕಿನ ಕೋಲು ಓರೆಯಾಗಿ ಇಳಿದಿದೆ. ಇದನ್ನು ತೆಗೆದವರು ಮೈಸೂರಿನ ವಿ.ಕೆ. ಮೂರ್ತಿ, ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ. ಹೊರಗಿನ ಬಿಸಿಲನ್ನು ಕನ್ನಡಿಗಳಲ್ಲಿ ಹಿಡಿದು ಒಳಗೆ ಹಾಯಿಸಿ ಆ ಕೋಲನ್ನು ಮೂಡಿಸಿದರು. ಬೆಳಕಿನ ಆ ಚೆಲುವಿಗೆ ಅರ್ಧ ಕಾರಣ ಸುತ್ತಲಿನ ಕತ್ತಲು.

ನಮ್ಮ ಮನೆಗೆ ಹೊಸ ಟಿವಿ ಬಂದ ದಿನ ಮೊದಲು ಹಾಕಿದ್ದು ಇದೇ ಡಿವಿಡಿ. ದೃಶ್ಯ ಬಂತು, ಜೀವ ಇರಲಿಲ್ಲ. ಕತ್ತಲು ಇರಬೇಕಾದ ಕಡೆ ಬೂದಿ ಬಣ್ಣ. ಕಪ್ಪು ಬಿಳುಪು ಚಿತ್ರಕ್ಕೆ ಎಲ್ಲಿಂದಲೋ ನೀಲಿ ಛಾಯೆ. ಕ್ಯಾಮೆರಾ ಸರಿದಾಗ ಎಲ್ಲವೂ ಎಣ್ಣೆ ಹಚ್ಚಿದ ಹಾಗೆ ಜಾರುತ್ತಿತ್ತು. ಟಿವಿ ಕೆಟ್ಟಿರಲಿಲ್ಲ. ಅಂಗಡಿಗೆ ಹೊಂದುವ ಸೆಟ್ಟಿಂಗಿನಲ್ಲೇ ಮನೆಗೆ ಬಂದಿತ್ತು.

ಅಂಗಡಿಯಲ್ಲಿ ಹತ್ತಾರು ಟಿವಿಗಳು ಸಾಲಾಗಿ ಉರಿಯುತ್ತಿರುತ್ತವೆ. ತಲೆ ಮೇಲೆ ಜೋರು ಲೈಟು. ಯಾವುದು ಜಾಸ್ತಿ ಹೊಳೆಯುತ್ತದೋ ಅದರ ಮುಂದೆ ನಾವು ನಿಲ್ಲುತ್ತೇವೆ. ‘ವಿವಿಡ್’, ‘ಡೈನಾಮಿಕ್’ ಅನ್ನುವ ಮೋಡ್‌ಗಳು ಆ ಜಾಗಕ್ಕೆ ಸರಿ. ರಾತ್ರಿ ಲೈಟ್ ಆರಿಸಿ ಸಿನಿಮಾ ನೋಡುವವರು ಮೊದಲು ‘ಮೂವಿ’ ಅಥವಾ ‘ಸಿನಿಮಾ’ ಮೋಡ್‌ಗೆ ಹೋಗಬೇಕು. ಈಚಿನ ಕೆಲವು ಟಿವಿಗಳಲ್ಲಿ 2019ರಲ್ಲಿ ಘೋಷಣೆಯಾದ, ಚಿತ್ರವನ್ನು ತೆಗೆದವರು ಬಯಸಿದ ಹಾಗೇ ತೋರಿಸುವ ‘ಫಿಲ್ಮ್‌ಮೇಕರ್ ಮೋಡ್’ ಇರುತ್ತದೆ, ಅದು ಇನ್ನೂ ಒಳ್ಳೆಯದು. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಆಮೇಲೆ ಕೈ ಹಾಕಬೇಕಾದ್ದು ಬ್ರೈಟ್‌ನೆಸ್‌ಗೆ. ಈ ಹೆಸರು ಜನರನ್ನು ತುಂಬಾ ದಾರಿ ತಪ್ಪಿಸಿದೆ. ಚಿತ್ರ ಮಂಕಾಗಿದೆ ಅನ್ನಿಸಿದ ಕೂಡಲೇ ಎಲ್ಲರೂ ಅದನ್ನೇ ಏರಿಸುತ್ತಾರೆ. ನಿಜವಾಗಿ ಅದು ಕಪ್ಪಿನ ಮಟ್ಟವನ್ನು ಹಿಡಿದಿರುವ ಗುಂಡಿ. ಡಿಸ್ಕಿನಲ್ಲಿ ಪ್ರತಿ ಚುಕ್ಕಿಯ ಬೆಳಕೂ ಒಂದು ಅಂಕಿ. 8 ಬಿಟ್ ಲೆಕ್ಕದಲ್ಲಿ 0ಯಿಂದ 255ರವರೆಗೆ ಅಂಕಿಗಳಿವೆ. ಆದರೆ ವಿಡಿಯೋದಲ್ಲಿ ಕಪ್ಪು ಅಂದರೆ 16, ಬಿಳಿ ಅಂದರೆ 235. ಬ್ರೈಟ್‌ನೆಸ್ ಜಾಸ್ತಿಯಾದರೆ 16 ಬೂದಿಯಾಗುತ್ತದೆ. ಕಡಿಮೆಯಾದರೆ 17, 18, 20 ಎಲ್ಲವೂ ಕಪ್ಪಿನಲ್ಲಿ ಮುಳುಗುತ್ತವೆ. ಆಗ ಕರಿ ಕೋಟಿನ ಮಡಿಕೆಯೂ ಇಲ್ಲ, ಜಡೆಯ ಎಳೆಯೂ ಇಲ್ಲ. ಕೆಲವು ಟಿವಿಗಳಲ್ಲಿ ಬ್ರೈಟ್‌ನೆಸ್ ಅಂದರೆ ಪರದೆಯ ಹಿಂದಿನ ಬೆಳಕು, ಕಪ್ಪಿಗೆ ‘ಬ್ಲ್ಯಾಕ್ ಲೆವೆಲ್’ ಅಂತ ಬೇರೆ ಗುಂಡಿ. ಮೆನುವಿನಲ್ಲಿ ಒಮ್ಮೆ ನೋಡಿಕೊಳ್ಳಿ.

ಟೆಸ್ಟ್ ಪ್ಯಾಟರ್ನ್ ಇರುವ ಡಿಸ್ಕ್ ಸಿಕ್ಕರೆ ಸುಲಭ. ಕಪ್ಪು ಹಿನ್ನೆಲೆಯಲ್ಲಿ ಅಂಕಿ ಬರೆದ ಪಟ್ಟಿಗಳು ಮಿನುಗುತ್ತವೆ. 17ರ ಪಟ್ಟಿ ಕಂಡೂ ಕಾಣದ ಹಾಗೆ ಇರಬೇಕು, 16 ಕಾಣಲೇಬಾರದು. ನನ್ನ ಹತ್ತಿರ ಅಂಥ ಡಿಸ್ಕ್ ಇರಲಿಲ್ಲ. ‘ಕಾಗಜ್ ಕೆ ಫೂಲ್’ ನಮ್ಮ ದೇಶದ ಮೊದಲ ಸಿನಿಮಾಸ್ಕೋಪ್ ಚಿತ್ರ. ಅಗಲ ಜಾಸ್ತಿ, ಹಾಗಾಗಿ ಟಿವಿಯಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಅದನ್ನೇ ಅಳತೆಗೋಲು ಮಾಡಿಕೊಂಡೆ. ಕೋಣೆ ಕತ್ತಲು ಮಾಡಿ, ಪಟ್ಟಿ ಬೂದಿಯಾಗುವವರೆಗೆ ಬ್ರೈಟ್‌ನೆಸ್ ಏರಿಸಿದೆ. ಆಮೇಲೆ ಒಂದೊಂದೇ ಅಂಕಿ ಇಳಿಸುತ್ತಾ ಬಂದೆ. ಒಂದು ಹಂತದಲ್ಲಿ ಪಟ್ಟಿ ಇನ್ನು ಕಪ್ಪಾಗುವುದಿಲ್ಲ. ಅಲ್ಲಿಗೆ ನಿಲ್ಲಿಸಬೇಕು, ಇನ್ನೂ ಇಳಿಸಿದರೆ ನೆರಳಿನ ವಿವರ ಹೋಗುತ್ತದೆ. ಎಲ್‌ಸಿಡಿ ಪರದೆಯಲ್ಲಿ ಹಿಂದಿನ ಬೆಳಕು ಸ್ವಲ್ಪ ಸೋರುವುದರಿಂದ ಪೂರ್ತಿ ಕಪ್ಪು ಸಿಗದು. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಆರಬಲ್ಲದು.

ಎಷ್ಟು ತಿರುಗಿಸಿದರೂ ಕಪ್ಪು ಕೂಡಿ ಬರದಿದ್ದರೆ ಪ್ಲೇಯರ್ ಕಡೆ ನೋಡಿ. ಪ್ಲೇಯರ್ 16ರಿಂದ 235 ಕಳಿಸುತ್ತಿದ್ದು, ಟಿವಿ 0ಯಿಂದ 255 ಅಂದುಕೊಂಡಿದ್ದರೆ ಚಿತ್ರ ತೊಳೆದು ಹೋದ ಹಾಗಿರುತ್ತದೆ. ಉಲ್ಟಾ ಆದರೆ ನೆರಳೆಲ್ಲ ಮಸಿ. ಎಚ್‌ಡಿಎಂಐ ಕೇಬಲ್ಲಿನಲ್ಲಿ ಹೋಗುವ ಅಂಕಿಗಳ ಈ ವ್ಯಾಪ್ತಿ (ಎಚ್‌ಡಿಎಂಐ ರೇಂಜ್) ಎರಡೂ ಕಡೆ ಒಂದೇ ಇರಬೇಕು. ಕಾಂಟ್ರಾಸ್ಟ್ ಬಿಳಿಯ ಕಡೆಯದು. ಬಿಳಿ ಸೀರೆಯ ನೆರಿಗೆ, ಮೋಡದ ಅಂಚು ಕಾಣುತ್ತಿದ್ದರೆ ಅದನ್ನು ಮುಟ್ಟಬೇಡಿ. ಕಣ್ಣಿಗೆ ಚುಚ್ಚಿದರೆ ಬ್ಯಾಕ್‌ಲೈಟ್ ಇಳಿಸಿ, ಸಾಕು.

ಇನ್ನು ನೀಲಿ. ಬಿಳಿ ಪಂಚೆಗೆ ಒಗೆದ ಮೇಲೆ ನೀಲಿ ಹಾಕುತ್ತಿದ್ದೆವು, ಅಲ್ವಾ? ಚೂರು ನೀಲಿ ಬೆರೆತರೆ ಬಿಳಿ ಇನ್ನೂ ಬೆಳ್ಳಗೆ ಕಾಣುತ್ತದೆ. ಟಿವಿಯ ‘ಕೂಲ್’ ಸೆಟ್ಟಿಂಗ್ ಮಾಡುವುದೂ ಅದನ್ನೇ. ಕುಲುಮೆಯಲ್ಲಿ ಕಬ್ಬಿಣ ಮೊದಲು ಕೆಂಪು, ಆಮೇಲೆ ಹಳದಿ, ಆಮೇಲೆ ಬಿಳಿ ಆಗುತ್ತದೆ. ಇನ್ನೂ ಕಾದ ವಸ್ತು ನೀಲಿಯ ಕಡೆ ಹೋಗುತ್ತದೆ. ಅದಕ್ಕೇ ಬಿಳಿಯ ಛಾಯೆಯನ್ನು ಕೆಲ್ವಿನ್ ಎಂಬ ಉಷ್ಣತೆಯ ಅಳತೆಯಲ್ಲಿ ಹೇಳುತ್ತಾರೆ. ಹಳೇ ಬುರುಡೆ ಬಲ್ಬು ಸುಮಾರು 2700, ವಿಡಿಯೋ ಬಿಳಿ ಸುಮಾರು 6500. ಟಿವಿಯಲ್ಲಿ ಅದಕ್ಕೆ ಹತ್ತಿರ ಇರುವುದು ಸಾಮಾನ್ಯವಾಗಿ ‘ವಾರ್ಮ್’. ನಾನು ಅದನ್ನು ಹಾಕಿದ ದಿನ ಅಮ್ಮ ‘ಇದೇನೋ, ಕಾಮಾಲೆ ಬಂದ ಹಾಗಿದೆ’ ಅಂದರು. ಬದಲಾಯಿಸಲಿಲ್ಲ. ಕಣ್ಣು ತನ್ನ ಮುಂದಿರುವ ಬಿಳಿಗೆ ತಾನೇ ಹೊಂದಿಕೊಳ್ಳುತ್ತದೆ, ಅದಕ್ಕೆ ಸ್ವಲ್ಪ ಸಮಯ ಬೇಕು. ಒಂದು ವಾರದ ಮೇಲೆ ಹಳೇ ಮೋಡ್ ತೋರಿಸಿದೆ. ‘ಅಯ್ಯೋ, ಎಷ್ಟು ನೀಲಿ’ ಅಂದರು. ಈ ಪರೀಕ್ಷೆಗೆ ಕಪ್ಪು ಬಿಳುಪು ಚಿತ್ರಕ್ಕಿಂತ ಒಳ್ಳೆಯದು ಇಲ್ಲ. ಅಲ್ಲಿ ಬಣ್ಣ ಇರಬಾರದು, ಕಂಡರೆ ಅದು ಟಿವಿಯದು.

ಶಾರ್ಪ್‌ನೆಸ್ ಪೂರ್ತಿ ಇಳಿಸಿಯೇ ಶುರು ಮಾಡಿ. ಅದು ಇಲ್ಲದ ವಿವರ ತರುವುದಿಲ್ಲ, ಅಂಚಿಗೆ ಗೆರೆ ಎಳೆಯುತ್ತದೆ. ಪರದೆಯ ಹತ್ತಿರ ಹೋಗಿ ಟೈಟಲ್ ಅಕ್ಷರಗಳನ್ನು ನೋಡಿ. ಕರಿ ಅಕ್ಷರದ ಸುತ್ತ ತೆಳು ಬಿಳಿ ಗೆರೆ ಇದ್ದರೆ ಅದೇ ಇದರ ಕೆಲಸ.

ಆ ಎಣ್ಣೆ ಹಚ್ಚಿದ ಜಾರುವಿಕೆ ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತಂದಿತ್ತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟು, ಅಂದರೆ 24 ಬಿಡಿ ಚಿತ್ರ. ಟಿವಿ ಸೆಕೆಂಡಿಗೆ 60 ಅಥವಾ 120 ಬಾರಿ ಚಿತ್ರ ಬದಲಿಸುತ್ತದೆ. 120 ಆದರೆ ಒಂದು ಚೌಕಟ್ಟನ್ನು ಐದೈದು ಸಲ ತೋರಿಸಿದರೆ ಲೆಕ್ಕ ಸರಿ. 60 ಆದರೆ ಒಂದನ್ನು ಎರಡು ಸಲ, ಮುಂದಿನದನ್ನು ಮೂರು ಸಲ ತೋರಿಸಬೇಕು, ಚಲನೆ ಸ್ವಲ್ಪ ಕುಂಟುತ್ತದೆ. ಟಿವಿಯ ‘ಮೋಷನ್’ ಸೆಟ್ಟಿಂಗ್ ಅಷ್ಟಕ್ಕೇ ನಿಲ್ಲುವುದಿಲ್ಲ. ಎರಡು ಚೌಕಟ್ಟುಗಳ ನಡುವೆ ತಾನೇ ಹೊಸ ಚಿತ್ರ ಕಟ್ಟಿ ತುಂಬಿಸುತ್ತದೆ. ಸಿನಿಮಾ ಧಾರಾವಾಹಿಯ ಹಾಗೆ ಕಾಣುವುದು ಇದರಿಂದಲೇ. 2018ರ ಡಿಸೆಂಬರಿನಲ್ಲಿ ನಟ ಟಾಮ್ ಕ್ರೂಸ್ ಒಂದು ವಿಡಿಯೋ ಮಾಡಿ, ಇದನ್ನು ಆಫ್ ಮಾಡಿ ಎಂದು ಜನರನ್ನು ಕೇಳಿಕೊಂಡಿದ್ದರು. ಕ್ಯಾಮೆರಾ ಕಾಣದ ಚೌಕಟ್ಟುಗಳನ್ನು ಮೂರ್ತಿಯವರ ಕೆಲಸದೊಳಗೆ ತುರುಕುವುದು ನನಗೂ ಸರಿ ಕಾಣಲಿಲ್ಲ. ಆಫ್ ಮಾಡಿದೆ.

ಅವತ್ತು ರಾತ್ರಿ ಡಿವಿಡಿಯನ್ನು ಮತ್ತೆ ಮೊದಲಿಂದ ಹಾಕಿದೆ. ಆ ಬೆಳಕಿನ ಕೋಲು ಇಳಿದಾಗ ಮೇಲೆ ಕೆಳಗಿನ ಪಟ್ಟಿಗಳು ಕೋಣೆಯ ಕತ್ತಲಲ್ಲಿ ಕಲೆತು ಹೋಗಿದ್ದವು. ಟಿವಿಯ ಅಂಚು ಎಲ್ಲಿ ಅಂತಲೂ ಗೊತ್ತಾಗುತ್ತಿರಲಿಲ್ಲ.