ಕಡಲೇ 30 ಡಿಗ್ರಿ ಇರುವಾಗ ಮನೆಯ ಹವಳದ ಟ್ಯಾಂಕ್ ಎಷ್ಟಿರಬೇಕು?

ಪ್ರಶ್ನೆ: ನಾವಿರುವುದು ಕಾರವಾರದಲ್ಲಿ. ಮನೆಯಲ್ಲಿ ಹವಳ, ಮೀನು ಇರುವ ಉಪ್ಪುನೀರಿನ ಟ್ಯಾಂಕ್ ಇದೆ. ಎಲ್ಲರೂ 25 ಡಿಗ್ರಿ ಅನ್ನುತ್ತಾರೆ. ಮೇ ತಿಂಗಳಲ್ಲಿ ಇಲ್ಲಿನ ಕಡಲೇ 30ರ ಆಸುಪಾಸು ಇರುತ್ತದೆ. ಮುರ್ಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಹವಳ ಬದುಕಿದೆ ಅಲ್ವಾ? ನಮ್ಮ ಟ್ಯಾಂಕ್ 30 ಆದರೆ ಏನು ತೊಂದರೆ?

ಉತ್ತರ: 26ರಿಂದ 27ರೊಳಗೆ ಇಡಿ. 24ಕ್ಕೆ ಇಳಿಸುವ ಹಟ ಬೇಡ. ನಮ್ಮ ಸೆಖೆಯಲ್ಲಿ ಚಿಲ್ಲರ್ (ನೀರು ತಣಿಸುವ ಯಂತ್ರ) ಹಗಲೂ ರಾತ್ರಿ ಓಡಬೇಕಾಗುತ್ತದೆ, ಕರೆಂಟ್ ಹೋದರೆ ನೀರು ಮತ್ತೆ ಮೇಲೇರುತ್ತದೆ. ಹವಳವನ್ನು ಹೆಚ್ಚು ಸೊರಗಿಸುವುದು ಈ ಏರಿಳಿತ. ದಿನದಲ್ಲಿ ಒಂದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಆಗದಂತೆ ನೋಡಿಕೊಳ್ಳಿ.

ನೇತ್ರಾಣಿಯ ಹವಳ ಅಲ್ಲಿನ ನೀರಿಗೆ ಒಗ್ಗಿಕೊಂಡಿದೆ. ಕಡಲು ಬಿಸಿಯಾಗುವುದೂ ನಿಧಾನಕ್ಕೆ. ಹಾಗಿದ್ದರೂ, ಮಾಮೂಲಿ ಬೇಸಿಗೆಗಿಂತ ಒಂದೇ ಡಿಗ್ರಿ ಜಾಸ್ತಿಯಾಗಿ ಕೆಲವು ವಾರ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಅದರ ಆಹಾರದ ಬಹುಪಾಲು ಬರುವುದೇ ಆ ಪಾಚಿಯಿಂದ. (ಅಲ್ಲಿಂದ ಹವಳ ಕಿತ್ತು ತರುವ ಯೋಚನೆಯಂತೂ ಬೇಡವೇ ಬೇಡ. ಕಲ್ಲುಹವಳಗಳೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಶೆಡ್ಯೂಲ್ 1ರಲ್ಲಿ, ಅಂದರೆ ಅತಿ ಹೆಚ್ಚು ರಕ್ಷಣೆಯ ಪಟ್ಟಿಯಲ್ಲಿವೆ.)

ಬಿಸಿ ನೀರಿನಲ್ಲಿ ಆಮ್ಲಜನಕವೂ ಕಡಿಮೆ. 25 ಡಿಗ್ರಿಯ ಸಮುದ್ರದ ನೀರು ಲೀಟರಿಗೆ ಸುಮಾರು 6.8 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30ರಲ್ಲಿ ಸುಮಾರು 6.2. ರಾತ್ರಿ ದೀಪ ಆರಿದ ಮೇಲೆ ಪಾಚಿಯೂ ಅದನ್ನೇ ಬಳಸುತ್ತದೆ. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಇದೇ ಕಾರಣ ಇರಬಹುದು.

ಫ್ಯಾನ್ ಸಾಕಾಗುವುದಿಲ್ವಾ? ಫ್ಯಾನ್ ತಂಪು ಮಾಡುವುದು ನೀರು ಆವಿಯಾಗುವುದರಿಂದ. ಜನವರಿಯ ಒಣಗಾಳಿಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಮೈಮೇಲಿನ ಬೆವರೇ ಆರದ ಮೇ ತಿಂಗಳಲ್ಲಿ ಅದನ್ನು ನಂಬಿ ಕೂರಬೇಡಿ. ಆವಿಯಾದಷ್ಟು ನೀರನ್ನು ದಿನವೂ ತುಂಬಿಸಿ, ಆದರೆ ಸಿಹಿನೀರು, ಅದರಲ್ಲೂ ಆರ್‌ಓ ನೀರು. ಉಪ್ಪು ಆವಿಯಾಗುವುದಿಲ್ಲ, ಉಪ್ಪುನೀರೇ ಸುರಿದರೆ ಉಪ್ಪಿನಂಶ ಏರುತ್ತಾ ಹೋಗುತ್ತದೆ.

ಬೇಸಿಗೆಗೆ ಚಿಲ್ಲರ್ ಬೇಕು ಅನ್ನುವುದೇ ನನ್ನ ಅಭಿಪ್ರಾಯ. ಅದನ್ನು ಟ್ಯಾಂಕಿನ ಕೆಳಗಿನ ಕಪಾಟಿನೊಳಗೆ ಮುಚ್ಚಿಡಬೇಡಿ, ತಾನೇ ಬಿಟ್ಟ ಬಿಸಿಗಾಳಿಯನ್ನೇ ಮತ್ತೆ ಎಳೆದುಕೊಳ್ಳುತ್ತದೆ. ಮಳೆಗಾಲದ ಕರೆಂಟ್ ಕಡಿತಕ್ಕೆ ಬ್ಯಾಟರಿಯ ಏರ್ ಪಂಪ್ ಇರಲಿ. ನೀರು ತೀರಾ ಬಿಸಿಯಾದರೆ ಮುಚ್ಚಳ ಬಿಗಿದ ಐಸ್ ಬಾಟಲಿ ತೇಲಿಬಿಡಿ, ಒಮ್ಮೆಗೆ ಒಂದೇ.

ಘಟ್ಟದ ಮೇಲಿನ ಶಿರಸಿಯವರು ಚಳಿಗಾಲದ ರಾತ್ರಿಗಳಿಗೆ ಥರ್ಮೋಸ್ಟಾಟ್ ಇರುವ ಹೀಟರನ್ನೂ ಹಾಕಿಕೊಳ್ಳಬೇಕು. ಅದನ್ನು 26ಕ್ಕೆ ಸೆಟ್ ಮಾಡಿ, ಚಿಲ್ಲರನ್ನು 27ಕ್ಕೆ. ಎರಡರ ನಡುವೆ ಇಷ್ಟು ಅಂತರ ಇಲ್ಲದಿದ್ದರೆ ಒಂದು ಕಾಯಿಸಿದ್ದನ್ನು ಇನ್ನೊಂದು ತಣಿಸುತ್ತಾ ಸುಮ್ನೆ ಕರೆಂಟ್ ಬಿಲ್ ಏರುತ್ತದೆ.