ಏರ್ ಫಿಲ್ಟರ್ ಆರಿಸುವುದು: ಕಾರಿಗೆ ಧೂಳಿನ ಕಾಟ, ದೋಣಿಗೆ ನೀರು–ಬೆಂಕಿಯ ಕಾಟ

ಮೊನ್ನೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಯಲ್ಲಿ ನಿಂತಿದ್ದೆ. ಒಬ್ಬರು ಬಂದು, "ಜಾಸ್ತಿ ಗಾಳಿ ಎಳೆಯೋ ಫಿಲ್ಟರ್ ಇದ್ರೆ ಕೊಡಿ, ಪಿಕಪ್ ಬರಬೇಕು" ಅಂದರು. ಅಂಗಡಿಯವರು "ಯಾವ ಗಾಡಿ ಸಾರ್?" ಎಂದಷ್ಟೇ ಕೇಳಿ ಒಳಗೆ ಹೋದರು. ಎಂಜಿನ್ ಪಾಠ ಕಲಿಯುವ ನಮ್ಮ ಕ್ಲಾಸಿನಲ್ಲೂ ಮುಕ್ಕಾಲು ಜನ ಹೀಗೇ ಯೋಚಿಸುತ್ತೇವೆ. ಗಾಳಿ ಬಿಡುವುದಕ್ಕೆ ಬರಿ ಪೈಪ್ ಸಾಕಲ್ಲವೇ, ಫಿಲ್ಟರ್ ಯಾಕೆ ಬೇಕು? ಎಂಜಿನ್ ಎಲ್ಲಿ ಉಸಿರಾಡುತ್ತದೆ, ಅಲ್ಲಿ ಅದನ್ನು ಕೆಡಿಸುವುದು ಯಾವುದು ಎನ್ನುವುದರಿಂದ ಶುರುಮಾಡಿದರೆ ಉಳಿದದ್ದೆಲ್ಲ ಸಲೀಸು.

ಮೊದಲು ಸ್ವಲ್ಪ ಲೆಕ್ಕ. 1 ಕೆ.ಜಿ. ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆ.ಜಿ. ಗಾಳಿ ಬೇಕು. ಒಂದು ಲೀಟರ್ ಪೆಟ್ರೋಲಿನ ತೂಕ ಸುಮಾರು 740 ಗ್ರಾಂ, ಅಂದರೆ ಲೀಟರಿಗೆ ಹತ್ತಿರಹತ್ತಿರ 11 ಕೆ.ಜಿ. ಗಾಳಿ. ಸಮುದ್ರಮಟ್ಟದಲ್ಲಿ ಇದು ಸುಮಾರು 9,000 ಲೀಟರ್. ಬೆಂಗಳೂರು 900 ಮೀಟರಿಗೂ ಮೇಲಿರುವುದರಿಂದ ಇಲ್ಲಿನ ಗಾಳಿ ಸುಮಾರು ಶೇ. 10ರಷ್ಟು ತೆಳು, ಹಾಗಾಗಿ 10,000 ಲೀಟರ್ ಎಂದಿಟ್ಟುಕೊಳ್ಳಿ. ಮನೆ ಮೇಲಿನ ಸಾವಿರ ಲೀಟರಿನ ಟ್ಯಾಂಕುಗಳು ಹತ್ತು! ಇಷ್ಟು ಗಾಳಿಯನ್ನು ಎಂಜಿನ್ ಎಳೆಯುವುದು ಎಲ್ಲಿಂದ? ಮೆಟ್ರೊ ಕಾಮಗಾರಿಯ ಪಕ್ಕದಿಂದ, ಎಂ-ಸ್ಯಾಂಡ್ ಲಾರಿಯ ಹಿಂದಿನಿಂದ.

ಎಂ-ಸ್ಯಾಂಡ್ ಅಂದರೆ ನಮ್ಮ ಕಡೆ ಬಹುಪಾಲು ಪುಡಿಮಾಡಿದ ಗ್ರಾನೈಟ್ ಕಲ್ಲು. ಅದರಲ್ಲಿರುವ ಸ್ಫಟಿಕದ ಗಡಸುತನ 1ರಿಂದ 10ರವರೆಗಿನ ಮೋಹ್ಸ್ ಮಾಪನದಲ್ಲಿ 7. ಎರಕದ ಕಬ್ಬಿಣದ ಬೋರ್ (ಪಿಸ್ಟನ್ ಓಡಾಡುವ ಸಿಲಿಂಡರಿನ ಒಳಗೋಡೆ) ಅದರ ಮುಂದೆ ಮೆತ್ತಗೆ. ಕಣ್ಣಿಗೆ ಕಾಣುವ ದಪ್ಪ ಮರಳಿಗಿಂತ 5ರಿಂದ 20 ಮೈಕ್ರಾನಿನ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು) ನುಣುಪು ಧೂಳೇ ಹೆಚ್ಚು ಅಪಾಯ. ಅದು ಪಿಸ್ಟನ್ ರಿಂಗ್ ಮತ್ತು ಬೋರಿನ ನಡುವಿನ ಆಯಿಲ್ ಪದರದೊಳಗೆ ನುಸುಳಿ ಎರಡೂ ಕಡೆ ಉಜ್ಜುತ್ತದೆ. ಆಮೇಲೆ ಕಂಪ್ರೆಶನ್ ಇಳಿಯುವುದು, ಆಯಿಲ್ ಕುಡಿಯುವುದು, ನೀಲಿ ಹೊಗೆ.

ಶೇಕಡಾ ಲೆಕ್ಕದಲ್ಲಿ ಮೋಸಹೋಗಬೇಡಿ

ಪರೀಕ್ಷೆಯಲ್ಲಿ ನಾನೇ ಎಡವಿದ ಜಾಗ ಇದು. ಒಂದು ಫಿಲ್ಟರ್ ಶೇ. 99.5 ಧೂಳು ಹಿಡಿಯುತ್ತದೆ, ಇನ್ನೊಂದು ಶೇ. 97. ನೋಡಲು ಎರಡೂವರೆಯಷ್ಟೇ ವ್ಯತ್ಯಾಸ. ಆದರೆ ಎಂಜಿನ್ನಿಗೆ ಬೇಕಾದ ಲೆಕ್ಕ ಹಿಡಿದದ್ದರದ್ದಲ್ಲ, ಬಿಟ್ಟದ್ದರದ್ದು. 100 ಗ್ರಾಂ ಧೂಳು ಬಂದರೆ ಮೊದಲನೆಯದು ಅರ್ಧ ಗ್ರಾಂ ಬಿಡುತ್ತದೆ, ಎರಡನೆಯದು 3 ಗ್ರಾಂ. ಆರು ಪಟ್ಟು! ಡಬ್ಬದ ಮೇಲೆ ಐಎಸ್‌ಒ 5011 ಎಂದಿದ್ದರೆ ಅದು ಈ ಪರೀಕ್ಷೆಯ ವಿಧಾನದ ಹೆಸರು. ಎಷ್ಟು ಧೂಳು ತಡೆಯಿತು, ಗಾಳಿಗೆ ಎಷ್ಟು ಅಡ್ಡಿಯಾಯಿತು, ಕಟ್ಟಿಕೊಳ್ಳುವ ಮೊದಲು ಎಷ್ಟು ಧೂಳು ಹೊತ್ತಿತು ಎಂಬ ಮೂರನ್ನೂ ಅದರಲ್ಲಿ ಅಳೆಯುತ್ತಾರೆ. ಬರೀ "ಹೈ ಫ್ಲೋ" ಎಂದು ಬರೆದಿದ್ದರೆ ಮೂರರಲ್ಲಿ ಒಂದನ್ನು ಮಾತ್ರ ಹೇಳಿದ ಹಾಗಾಯಿತು.

ಹಳೆಯ ಫಿಲ್ಟರ್ ಒಂದನ್ನು ಕತ್ತರಿಸಿ ನೋಡಿ, ಪಾಠ ಅರ್ಧ ಮುಗಿಯುತ್ತದೆ. ನಾನು ಕತ್ತರಿಸಿದ್ದು 1.2 ಲೀಟರಿನ ಪೆಟ್ರೋಲ್ ಕಾರಿನದು. 40 ಮಡಿಕೆ, ಒಂದೊಂದೂ 3.5 ಸೆಂ.ಮೀ. ಆಳ, 18 ಸೆಂ.ಮೀ. ಉದ್ದ. ಮಡಿಕೆಗೆ ಎರಡು ಮೈ ಎಂದು ಲೆಕ್ಕ ಹಾಕಿದರೆ ಸುಮಾರು ಅರ್ಧ ಚದರ ಮೀಟರ್ ಕಾಗದ. ಈ ಎಂಜಿನ್ 5,000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ನಿಮಿಷಕ್ಕೆ ಎಳೆಯುವುದು 1.2 × 2,500 (ಎರಡು ಸುತ್ತಿಗೊಮ್ಮೆ ಮಾತ್ರ ಗಾಳಿ ಎಳೆಯುವುದರಿಂದ 5,000ರ ಅರ್ಧ), ಸಿಲಿಂಡರ್ ಪೂರ್ತಿ ತುಂಬದ್ದರಿಂದ ಅದರ ಶೇ. 85, ಅಂದರೆ 2,550 ಲೀಟರ್. ಅರ್ಧ ಚದರ ಮೀಟರಿನ ಮೇಲೆ ಹಂಚಿದರೆ ಕಾಗದದೊಳಗೆ ಗಾಳಿ ಸೆಕೆಂಡಿಗೆ 8.5 ಸೆಂ.ಮೀ. ವೇಗದಲ್ಲಿ ತೆವಳುತ್ತದೆ, ಅಷ್ಟೇ. ಮಡಿಕೆ ಇರುವುದೇ ಇದಕ್ಕೆ. ಅಗ್ಗದ ಫಿಲ್ಟರಿನಲ್ಲಿ 40ರ ಬದಲು 28 ಮಡಿಕೆ ಕೊಟ್ಟಿರುತ್ತಾರೆ, ಹೊರಗಿನ ಅಳತೆ ಮಾತ್ರ ತದ್ವತ್. ಅಂಗಡಿಯಲ್ಲೇ ಎಣಿಸಿ, ನಾಚಿಕೆಪಡಬೇಡಿ.

ಕತ್ತರಿಸಿದ ಆ ಫಿಲ್ಟರಿನಲ್ಲಿ ಇನ್ನೊಂದು ವಿಷಯ ಕಂಡಿತು. ಕೆಳಮೈ ಕೆಮ್ಮಣ್ಣಿನ ಬಣ್ಣ, ಅದು ಸರಿಯೇ. ಮೇಲ್ಮೈ, ಎಂದರೆ ಎಂಜಿನ್ ಕಡೆಯ ಮೈ, ಬೆಳ್ಳಗಿರಬೇಕಿತ್ತು. ಆದರೆ ಒಂದು ಮೂಲೆಯಲ್ಲಿ ಬೆರಳಗಲ ಕಂದು ಗೆರೆ. ಹೌಸಿಂಗಿನ (ಫಿಲ್ಟರ್ ಕೂರುವ ಡಬ್ಬಿಯ) ಆ ಕಡೆಯ ಕ್ಲಿಪ್ ಮುರಿದಿತ್ತು, ಸಂದಿ ಮುಚ್ಚುವ ಗ್ಯಾಸ್ಕೆಟ್ ಅಲ್ಲಿ ಕೂತೇ ಇರಲಿಲ್ಲ. ಎಷ್ಟು ದುಬಾರಿ ಫಿಲ್ಟರ್ ಹಾಕಿದರೂ ಆ ಸಂದಿಯಲ್ಲಿ ಹೋಗುವ ಗಾಳಿ ಸೋಸುವುದಿಲ್ಲ. ನನ್ನ ಪ್ರಕಾರ ಆಯ್ಕೆಯ ಕ್ರಮ ಮೊದಲು ಸೀಲ್, ಆಮೇಲೆ ಮೀಡಿಯಾ (ಸೋಸುವ ವಸ್ತು), ಕೊನೆಗೆ ಬೆಲೆ.

ಮೀಡಿಯಾ ವಿಚಾರ ಬೇಗ ಮುಗಿಸುತ್ತೇನೆ. ಊರೊಳಗೆ ಓಡುವ ಕಾರಿಗೆ ಕಾಗದದ ಎಲಿಮೆಂಟೇ ಸಾಕು, ಚೆನ್ನಾಗಿಯೂ ಇದೆ. ಎಣ್ಣೆ ಹಚ್ಚಿದ ಹತ್ತಿ ಬಟ್ಟೆಯ ಫಿಲ್ಟರನ್ನು ತೊಳೆದು ಮತ್ತೆ ಬಳಸಬಹುದು, ಆದರೆ ಎಣ್ಣೆ ಕೈತಪ್ಪಿ ಜಾಸ್ತಿಯಾದರೆ ಮುಂದಿನ ಏರ್‌ಫ್ಲೋ ಸೆನ್ಸರಿನ ಬಿಸಿ ತಂತಿಗೆ ಅಂಟಿಕೊಂಡು ರೀಡಿಂಗ್ ಕೆಡುತ್ತದೆ. ಫೋಮ್ ಕೆಸರಿನ ದಾರಿಯ ಬೈಕುಗಳಿಗೆ, ಧೂಳನ್ನು ಎಣ್ಣೆಯಲ್ಲಿ ಹಿಡಿಯುವ ಆಯಿಲ್ ಬಾತ್ ಹಳೆಯ ಟ್ರ್ಯಾಕ್ಟರುಗಳಿಗೆ.

"ಏರ್ ಹೊಡೆದು ಕೊಡ್ತೀನಿ, ಹೊಸದು ಯಾಕೆ ಸಾರ್" ಅನ್ನುವ ಮಾತು ಎಲ್ಲ ಗ್ಯಾರೇಜಿನಲ್ಲೂ ಕೇಳುತ್ತೀರಿ. ಒಳಗಿನಿಂದ ಹೊರಕ್ಕೆ, ಕಡಿಮೆ ಒತ್ತಡದಲ್ಲಿ, ದೂರ ಹಿಡಿದು ಹೊಡೆದರೆ ಪರವಾಗಿಲ್ಲ. ನಳಿಕೆಯನ್ನು ಕಾಗದಕ್ಕೆ ತಾಗಿಸಿ ಹೊಡೆದರೆ ರಂಧ್ರ ಹಿಗ್ಗುತ್ತದೆ, ಫಿಲ್ಟರ್ ಹೋಗಿ ಜರಡಿಯಾಗುತ್ತದೆ. ಇನ್ನೊಂದು ಬೆರಗಿನ ವಿಷಯ: ಸ್ವಲ್ಪ ಧೂಳು ಕೂತ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ, ಕೂತ ಧೂಳಿನ ಪದರವೇ ಇನ್ನೊಂದು ಜಾಲರಿಯಾಗುವುದರಿಂದ. ಸುಮ್ಮಸುಮ್ಮನೆ ತೆಗೆದು ಕೊಡವುತ್ತಿದ್ದರೆ ನಷ್ಟವೇ.

ಫಿಲ್ಟರ್ ಕಟ್ಟಿಕೊಂಡರೆ ಮೈಲೇಜ್ ಬಿದ್ದುಹೋಗುತ್ತದೆ ಎಂಬುದು ಕಾರ್ಬುರೇಟರ್ ಕಾಲದ ಮಾತು. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಇದನ್ನು ಪರೀಕ್ಷಿಸಿದಾಗ, ಈಗಿನ ಇಂಜೆಕ್ಷನ್ ಪೆಟ್ರೋಲ್ ಕಾರುಗಳಲ್ಲಿ ಮೈಲೇಜ್ ಹೇಳಿಕೊಳ್ಳುವಷ್ಟು ಇಳಿಯಲಿಲ್ಲ, ಪಿಕಪ್ ಮಾತ್ರ ಇಳಿಯಿತು. ಬಂದಷ್ಟು ಗಾಳಿಗೆ ತಕ್ಕಷ್ಟೇ ಇಂಧನವನ್ನು ಇಸಿಯು (ಎಂಜಿನ್ನಿನ ಕಂಪ್ಯೂಟರ್) ಬಿಡುತ್ತದೆ. ಉತ್ತರಪತ್ರಿಕೆಯಲ್ಲಿ ಈ ಎರಡನ್ನೂ ಬೇರೆಬೇರೆ ಬರೆಯಿರಿ.

ದೋಣಿಯ ಕಥೆಯೇ ಬೇರೆ

ಹಲಸೂರು ಕೆರೆಯಂಥ ಒಂದೆರಡು ಜಾಗ ಬಿಟ್ಟರೆ ನಮಗೆ ದೋಣಿ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ನಾನು ಕಾರಿನ ಉತ್ತರವನ್ನೇ ದೋಣಿಗೂ ಬರೆದಿದ್ದೆ. ಮಲ್ಪೆ ಕಡೆಯ ಸಹಪಾಠಿ ಓದಿ ನಕ್ಕುಬಿಟ್ಟ: "ನಡುಸಮುದ್ರದಲ್ಲಿ ಧೂಳು ಎಲ್ಲಿಂದ ಬರ್ಬೇಕು ಮಾರಾಯ?"

ಅಲ್ಲಿ ಬರುವುದು ಉಪ್ಪುನೀರಿನ ಹನಿ. ಕಾಗದದ ಎಲಿಮೆಂಟ್ ಒದ್ದೆಯಾದರೆ ಉಬ್ಬಿ ಗಾಳಿ ಕಟ್ಟುತ್ತದೆ, ಕೊನೆಗೆ ಹರಿಯುತ್ತದೆ. ಔಟ್‌ಬೋರ್ಡ್ (ದೋಣಿಯ ಹಿಂದೆ ಹೊರಗೆ ತಗುಲಿಸುವ) ಮೋಟಾರುಗಳಲ್ಲಿ ಹೆಚ್ಚಿನವಕ್ಕೆ ಕಾಗದದ ಫಿಲ್ಟರೇ ಇರುವುದಿಲ್ಲ. ಗಾಳಿ ಮೇಲಿನ ಮುಚ್ಚಳದಲ್ಲಿ ಅಡ್ಡತಟ್ಟೆಗಳನ್ನು ಸುತ್ತಿ ಬರುವಾಗ ನೀರು ಬೇರೆಯಾಗಿ ಸೋರಿಹೋಗುತ್ತದೆ.

ಒಳಗೆ ಕೂರಿಸಿದ ಪೆಟ್ರೋಲ್ ಎಂಜಿನ್ನಿನಲ್ಲಿ ಅಪಾಯ ತಿರುಗಾಮುರುಗಾ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ. ಕಾರಿನಲ್ಲಿ ಅದು ರಸ್ತೆಗೆ ಇಳಿದು ಚೆದುರುತ್ತದೆ, ದೋಣಿಯಲ್ಲಿ ತಳದಲ್ಲೇ ತುಂಬಿಕೊಳ್ಳುತ್ತದೆ. ಎಂಜಿನ್ ಬ್ಯಾಕ್‌ಫೈರ್ ಆಗಿ ಇನ್‌ಟೇಕಿನಿಂದ ಜ್ವಾಲೆ ಹೊರಬಂದರೆ ಮುಗಿಯಿತು. ಆದ್ದರಿಂದ ಅಲ್ಲಿ ಹಾಕುವುದು ಫ್ಲೇಮ್ ಅರೆಸ್ಟರ್. ಕಾರಿನ ಫಿಲ್ಟರಿನ ಕೆಲಸ ಒಳಹೋಗುವುದನ್ನು ತಡೆಯುವುದಾದರೆ, ಇದರದು ಹೊರಬರುವುದನ್ನು ತಡೆಯುವುದು. ಒತ್ತೊತ್ತಾದ ಲೋಹದ ಪಟ್ಟಿಗಳ ನಡುವೆ ನುಗ್ಗಿದ ಜ್ವಾಲೆಯ ಬಿಸಿಯನ್ನು ಲೋಹ ಹೀರುತ್ತದೆ, ಜ್ವಾಲೆ ಅಲ್ಲೇ ಸಾಯುತ್ತದೆ. 1815ರಲ್ಲಿ ಹಂಫ್ರಿ ಡೇವಿ ಗಣಿ ಕಾರ್ಮಿಕರ ದೀಪಕ್ಕೆ ತಂತಿಜಾಲರಿ ಸುತ್ತಿದ್ದು ಇದೇ ತತ್ವದ ಮೇಲೆ. ಅಮೆರಿಕದಲ್ಲಿ 1940ರ ಏಪ್ರಿಲ್ 25ರ ನಂತರ ಕೂರಿಸಿದ ಪೆಟ್ರೋಲ್ ದೋಣಿ ಎಂಜಿನ್ನುಗಳಿಗೆ, ಔಟ್‌ಬೋರ್ಡ್ ಬಿಟ್ಟು, ಇಂಥದೊಂದು ರಕ್ಷಣೆ ಕಡ್ಡಾಯ. ಕೊಳ್ಳುವಾಗ ಮೈಮೇಲೆ ಎಸ್‌ಎಇ ಜೆ1928 ಅಥವಾ ಯುಎಲ್ 1111 ಎಂಬ ಗುರುತು ಹುಡುಕಿ. ಕಾರಿನ ಹೊಳೆಯುವ ಕೋನ್ ಫಿಲ್ಟರ್ ಅಳತೆಗೆ ಸರಿಹೊಂದಿದರೂ ಅಲ್ಲಿಗೆ ಸಲ್ಲದು.

ಮಲ್ಪೆಯ ಟ್ರಾಲರ್‌ಗಳಂತೆ ಡೀಸೆಲ್ ಆದರೆ ಪೆಟ್ರೋಲ್ ಆವಿಯ ಈ ಭಯವಿಲ್ಲ. ಎಂಜಿನ್ ಕೋಣೆಯಲ್ಲಿ ಹಾರಾಡುವುದು ಬೆಲ್ಟಿನ ಪುಡಿ, ಸೈಲೆನ್ಸರಿಗೆ ಸುತ್ತಿದ ಬಟ್ಟೆಯ ನಾರು, ಆಯಿಲ್ ಮಂಜು. ತೊಳೆದು ಒಣಗಿಸಿ ಹಾಕುವ ಲೋಹದ ಜಾಲರಿಯೋ ಫೋಮೋ ಇದಕ್ಕೆ ಒಗ್ಗುತ್ತದೆ. ಅಲ್ಲಿ ಫಿಲ್ಟರಿಗಿಂತ ಮೊದಲು ಥರ್ಮಾಮೀಟರ್ ನೋಡಬೇಕು. ಎಂಜಿನ್ ಎಳೆಯುವ ಗಾಳಿ 30 ಡಿಗ್ರಿಯ ಬದಲು 50 ಡಿಗ್ರಿ ಇದ್ದರೆ ಸಾಂದ್ರತೆ ಸುಮಾರು ಶೇ. 6 ಇಳಿಯುತ್ತದೆ. ದೊಡ್ಡ ಡೀಸೆಲ್ ಎಂಜಿನ್ನಿನ ಫಿಲ್ಟರ್ ಪೂರ್ತಿ ಕಟ್ಟಿಕೊಂಡಿದೆ ಎಂದು ಇಂಡಿಕೇಟರ್ ಕೆಂಪು ತೋರಿಸುವುದು ಸಾಮಾನ್ಯವಾಗಿ 25 ಇಂಚು ನೀರಿನ ಒತ್ತಡದಲ್ಲಿ. ಅಂದರೆ ಸುಮಾರು 6.2 ಕಿಲೊಪಾಸ್ಕಲ್, ಸಮುದ್ರಮಟ್ಟದ ಒತ್ತಡದ ಅದೇ ಶೇ. 6! ಎಂಜಿನ್ ಕೋಣೆಯ ಗಾಳಿಕಿಂಡಿಗೆ ಬಲೆಯನ್ನೋ ಗೋಣಿಚೀಲವನ್ನೋ ಒತ್ತಿಟ್ಟು, ಒಳಗೆ ಬಿಸಿಯೇರಿಸಿಕೊಂಡು ಹೊಸ ಫಿಲ್ಟರ್ ಹಾಕಿದ ದೋಣಿಯೂ, ಕಿಂಡಿ ತೆರೆದಿಟ್ಟು ಕಟ್ಟಿಕೊಂಡ ಫಿಲ್ಟರಿನಲ್ಲಿ ಓಡುವ ದೋಣಿಯೂ ಹೆಚ್ಚುಕಡಿಮೆ ಅಷ್ಟೇ ಏದುಸಿರು ಬಿಡುತ್ತವೆ.